ಬಾಯಿಸಾಹೇಬರನ್ನ ಮಾರಿದ್ದು

ಸಿದ್ದಪ್ಪ ಸಾವಕಾರ್ರು ತಮ್ಮ ಗಾಡಿ ಮಾರಾಕ ತಗದಾರಂತ ಅನ್ನೂ ಸುದ್ದಿ ದುರ್ಗದಬೈಲದಾಗ ಹಬ್ಬಿದಾಗ ಮಂದಿ ನಂಬಲಿಲ್ಲ. ಮನಿ ಮಾರ್ತಾರಂದಿದ್ರ ಒಂದ ಪಕ್ಷ ನಂಬತಿದ್ರೋ ಏನೋ. ಅದು ಅಂತಿಂಥಾ ಗಾಡಿ ಅಲ್ಲರಿ. ಅಮೇರಿಕಾದ ಷೆವರ್ಲೆ, ನಲವತ್ತೆಂಟನೇ ಇಸವಿದ್ದು, ಎರಡ ಬಾಗಿಲದ ಕೂಪೆ. ಮುಂದ ಉದ್ದಾನ ಬಾನೆಟ್ಟು, ಹಿಂದ ಇಳಿಜಾರು ಬೆನ್ನು, ಗಟ್ಟಿ ಹಸರ ಬಣ್ಣ, ಬಂಪರ್ ನೋಡಕೋತ ಮೀಸಿ ತಿದ್ದಕೋಬಹುದು. ಸಿದ್ದಪ್ಪನ ಅಪ್ಪ ಹತ್ತಿ ವ್ಯಾಪಾರದಾಗ ಒಂದ ವರ್ಷ ಛಲೋ ಲಾಭ ಕಂಡಾಗ ಮುಂಬೈದಿಂದ ತರಿಸಿದ್ದು. ಅದಕ್ಕ ಮನಸ್ಸು ಬಂದ್ರ ಚಾಲೂ ಆಗೂದು, ಬರಲಿಲ್ಲಂದ್ರ ಎಷ್ಟ ಕೈಮುಗದರೂ ಇಲ್ಲ. ಅದಕ್ಕ ಆ ಕಾಲದಿಂದನ ಮನ್ಯಾಗ ಎಲ್ಲಾರೂ ಅದನ್ನ ಬಾಯಿಸಾಹೇಬ್ರು ಅಂತಿದ್ರು, ಅದೂ ಬಹುವಚನದಾಗ.

ಈ ಬಾಯಿಸಾಹೇಬ್ರ ಚಾಕರಿಗೆ ಮೊದಲಿಂದ ಒಂದ ಮನಿತನದ ಮಿಸ್ತ್ರಿಗೋಳು. ಮೊದಲ ಮಕಬೂಲಸಾಬನ ಅಪ್ಪ, ಆಮ್ಯಾಲ ಮಕಬೂಲಸಾಬ. ತಾರಿಹಾಳದಾಗಿನ ಅವನ ಗ್ಯಾರೇಜ್ ಶುಕ್ರವಾರ ಬಂದ್ ಇರ್ತೈತಿ. ಹಂಗಾಗಿ ಶುಕ್ರವಾರ ಮುಂಜಾನೆ ಸ್ಕೂಟರ್ ಹತ್ತಿ ವಿದ್ಯಾನಗರದ ಸಿದ್ದಪ್ಪನ ಮನಿಗೆ ಬರಾಂವ. ಶೆಡ್ಡಿನ ಬಾಗಿಲಾ ತಗದು, ಗಾಡಿ ಚಾಲೂ ಮಾಡಿ, ಒರಸಿ, ಒಂದ ಸುತ್ತ ಹೊಡಕೊಂಡ ಬಂದು, ಜುಮ್ಮಾ ನಮಾಜಿನ ಹೊತ್ತಿಗೆ ಹೋಗಾಂವ. ಸಿದ್ದಪ್ಪ ಅಲ್ಲೇ ಕಟ್ಟಿ ಮ್ಯಾಲ ಕುಂತು ಅಡಕಿ ಕತ್ತರಿಸಕೋತ ನೋಡಾಂವ. ಇಬ್ಬರೂ ಸಣ್ಣಂದಿರತ್ಲೆ ಕೂಡಿ ಬೆಳದವರು, ಆ ಗಾಡಿ ಕೆಳಗ ಕೂಡೇ ಮೈ ಕರೇ ಮಾಡಕೊಂಡು ಬಡಿಸಿಕೊಂಡವರು.

ಆದ್ರ ಈಗ ಹತ್ತ-ಹನ್ನೊಂದ ವರ್ಷಾತು, ಇಬ್ಬರೂ ಮಾತ ಬಿಟ್ಟಾರ.

ಕಾರಣ ಕೇಳಿದ್ರ ನಗ್ತೀರಿ. ಒಂದ ಮದವಿಗಂತ ಸಿದ್ದಪ್ಪ ಧಾರವಾಡಕ್ಕ ಹೊಂಟಿದ್ದ, ನವಲೂರ ಏರಿನ್ಯಾಗ ಬಾಯಿಸಾಹೇಬ್ರು ನಿಂತ್ರು. ಮಕಬೂಲಸಾಬಗ ಫೋನ್ ಹಚ್ಚಿದ್ರ ಅಂವ ಯಾರೋ ತೀರಕೊಂಡಿದ್ರಂತ ಮಯ್ಯತ್ತಿಗೆ ಹೋಗಿದ್ದ, ಸಿಗಲಿಲ್ಲ. ಧಾರವಾಡದ ಒಬ್ಬ ಮಿಸ್ತ್ರಿ ಬಂದು ಕಾರ್ಬೋರೇಟರ್ ಬಿಚ್ಚಿ, ತೊಳದು, ಚಾಲೂ ಮಾಡಿ ಕೊಟ್ಟ. ಇಷ್ಟ ಆಗಿದ್ರ ಏನೂ ಇರಲಿಲ್ಲ. ಶುಕ್ರವಾರ ಬಂದ ಮಕಬೂಲಸಾಬನ ಮುಂದ ಸಿದ್ದಪ್ಪ, ತನಗ ತಿಳೀಲಾರದ, "ಭಾಳ ಛಲೋ ಮಿಸ್ತ್ರಿ ಬಿಡಪಾ, ಎಷ್ಟ ಲಗೂ ಮಾಡಿ ಕೊಟ್ಟ" ಅಂತ ಹೊಗಳಿಬಿಟ್ಟ. ಮಕಬೂಲಸಾಬ ನಟ್ಟ ತಿರುವೂ ಪಾನಾ ಕೆಳಗಿಟ್ಟ. "ಬ್ಯಾರೇದವನ ಕೈ ಹಚ್ಚಿಸಿದಿ, ಅದೂ ಸಾಲದಂತ ನನ್ನ ಮುಂದ ಅವನ ಗುಣಗಾನ ಮಾಡ್ತಿ. ಇವತ್ತಿಗೆ ನಿನ್ನ ಕೂಡ ನನ್ನ ಮಾತ ಮುಗೀತು" ಅಂದ. ಸಿದ್ದಪ್ಪಗೂ ಸಿಟ್ಟ ಬಂತು. "ಮುಗದ್ರ ಮುಗೀಲಿ, ನನ್ನದೇನ ಗಂಟ ಹೋತು" ಅಂದ.

ಮುಂದಿನ ಶುಕ್ರವಾರ ಅಂವ ಬರೂದಿಲ್ಲಂತ ಎಲ್ಲಾರೂ ತಿಳಕೊಂಡಿದ್ರು. ಬಂದ. ಸಿದ್ದಪ್ಪನ ಕಡೆ ಕಣ್ಣ ಎತ್ತಿ ನೋಡಲಿಲ್ಲ, ಸೀದಾ ಶೆಡ್ಡಿಗೆ ಹೋಗಿ, "ಬಾಯಿಸಾಹೇಬ್ರ, ಮನಿಷ್ಯಾರ ಜಗಳದಾಗ ನಿಮ್ಮ ತಪ್ಪೇನೈತ್ರಿ. ನಾ ನಿಮ್ಮ ಸಲುವಾಗಿ ಬಂದೇನಿ" ಅಂತ ಗಾಡಿಗೆ ಹೇಳಿದ. ಕಟ್ಟಿ ಮ್ಯಾಲಿಂದ ಸಿದ್ದಪ್ಪನೂ ಗಾಡಿಗೇ ಹೇಳಿದ, "ಬಾಯಿಸಾಹೇಬ್ರ, ಯಾರ ಬಂದ್ರೂ ಚಹಾ ಕುಡದು ಹೋಗಬೇಕು, ಇದು ನಮ್ಮ ಮನಿ ಪದ್ಧತಿ ಅಂತ ತಿಳಸ್ರಿ."

ಅಲ್ಲಿಂದ ಸುರು ಆತ ನೋಡ್ರಿ ಇವರ ಸಂಸಾರ. ಮಕಬೂಲಸಾಬನ ಮಗಳು ಮಹೆಕಗ ಗಂಡ ಗೊತ್ತಾಗಿದ್ದು ಸಿದ್ದಪ್ಪಗ ತಿಳದದ್ದು ಗಾಡಿ ಮುಖಾಂತರ. ಸಿದ್ದಪ್ಪನ ಮಗ ಬಸವಕಿರಣನ ಅಂಗಡಿ ಲಾಸಿನ್ಯಾಗ ಐತಿ ಅಂತ ಮಕಬೂಲಸಾಬಗ ತಿಳದದ್ದೂ ಹಂಗ. ಒಬ್ಬರಿಗೊಬ್ಬರು ಬಾಯಿಗೆ ಬಂದಂಗ ಬೈದದ್ದೂ ಬಾಯಿಸಾಹೇಬ್ರಿಗೇ ಹೇಳಿ. ನೋಡಿದವರಿಗೆ ಹುಚ್ಚರ ಸಂತಿ ಅನಸತಿತ್ತು. ಸಿದ್ದಪ್ಪನ ಹೆಂಡತಿ ದಾನವ್ವ ಮಾತ್ರ ಎರಡ ಕಪ್ ಚಹಾ ತಂದು ಬಾನೆಟ್ ಮ್ಯಾಲ ಇಟ್ಟು ಒಳಗ ಹೋಗಾಕಿ.

ಇಂಥಾ ಗಾಡಿ ಮಾರೂ ಮಾತ ಯಾಕ ಬಂತಂದ್ರ, ಸಿದ್ದಪ್ಪನ ಮೊಣಕಾಲು ಕೈಕೊಟ್ಟಿತ್ತು. ಬಾಯಿಸಾಹೇಬ್ರನ್ನ ಚಾಲೂ ಮಾಡಾಕನ ಕಾಲಿಲೆ ಒತ್ತಬೇಕು, ಕ್ಲಚ್ಚೂ ಗಟ್ಟಿ. ಡಾಕ್ಟರು ಇನ್ನ ಗಾಡಿ ಹೊಡಿಯೂದು ಬಂದ್ ಅಂದ್ರು. ಇತ್ತ ಸೊಸಿ ಸೌಮ್ಯಾ ಹೊಸಾ ಕರೆಂಟಿನ ಕಾರ್ ತಗೊಂಡಿದ್ಲು, ಅದು ಬಿಸಲಾಗ ಬೀದ್ಯಾಗ ನಿಂದರತಿತ್ತು. ಯಾರೂ ಏನೂ ಅನ್ನಲಿಲ್ಲ. ಆದ್ರ ಒಂದಿನ ಊಟಕ್ಕ ಕುಂತಾಗ ಸಿದ್ದಪ್ಪನ, "ಗಾಡಿ ಕೊಟ್ಟಬಿಡೂಣ" ಅಂದ.

ದಾನವ್ವ ರೊಟ್ಟಿ ಹಾಕಕೋತ ಅಂದ್ಲು, "ಕೊಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಗಾಡಿ ಹ್ವಾದ ಮ್ಯಾಲ ಮಕಬೂಲಣ್ಣ ಶುಕ್ರವಾರ ಯಾಕ ಬರ್ತಾನ? ಅದನ್ನ ಯೋಚನಿ ಮಾಡೀರೇನು?"

ಸಿದ್ದಪ್ಪನ ಕೈಯಾಗಿನ ತುತ್ತು ಅಲ್ಲೇ ನಿಂತಿತು. ಖರೇ ಹೇಳಬೇಕಂದ್ರ ಅಂವ ಅದನ್ನ ಯೋಚನಿ ಮಾಡಿದ್ದ. ಅವನ ಲೆಕ್ಕಾನ ಬ್ಯಾರೆ ಇತ್ತು. ಗಾಡಿ ಮಾರ್ತೇನಿ ಅಂದ್ರ ಮಕಬೂಲಗ ತಡಕೊಳ್ಳಾಕ ಆಗೂದಿಲ್ಲ, ಎದ್ದ ಬಂದು ಎದುರಿಗೆ ನಿಂತು "ಏನ್ ತಲಿ ಕೆಟ್ಟೈತೇನ ನಿನಗ, ಮಾರಬ್ಯಾಡ" ಅಂತಾನ. ಅಂದ್ರ ಆತಲ್ಲ, ಅವನೇ ಮೊದಲ ಮಾತಾಡಿದಂಗ ಆತು. ತಾನೂ ಕೈ ಹಿಡದು ತಪ್ಪಾತೋ ಮಾರಾಯಾ ಅಂದುಬಿಟ್ರ ಹನ್ನೊಂದ ವರ್ಷದ್ದು ಹರದು ಹೋಗ್ತೈತಿ. ಮೊದಲ ತಾನ ಹೋಗಿ ಮಾತಾಡಬಹುದಿತ್ತಲ್ಲ ಅಂತ ನೀವ ಕೇಳಬಹುದು. ಸಾವಕಾರ್ರ ಸೊಕ್ಕು ಅಂದ್ರ ಏನ್ ಸಾಮಾನ್ಯ ತಿಳದೀರೇನು?

ಸೌಮ್ಯಾ ಮೊಬೈಲ್‌ನ್ಯಾಗ ಜಾಹೀರಾತು ಹಾಕಿದ್ಲು. ಫೋಟೋ ಅಕೀವು, ಮಾತ ಮಾವಂದು. "ಮೊದಲಿಂದ ಒಂದ ಮಿಸ್ತ್ರಿ ಕೈಯಾಗ ಬೆಳದ ಗಾಡಿ" ಅಂತ ಸಿದ್ದಪ್ಪ ಬೇಕಂತನ ಬರಸಿದ.

ಶುಕ್ರವಾರ ಮಕಬೂಲಸಾಬ ಬಂದ. ಅವನ ಮೊಬೈಲಿಗೂ ಜಾಹೀರಾತು ಮುಟ್ಟಿತ್ತು ಅನ್ನೂದು ಅವನ ಮೋತಿ ನೋಡಿದ್ರ ಗೊತ್ತಾಗತಿತ್ತು. ಅರಿವಿ ತಗೊಂಡು ಬಾನೆಟ್ ಒರಸಾಕ ಸುರು ಮಾಡಿದ. ಒರಸಿದ್ದನ್ನ ಒರಸಿದ.

"ಬಾಯಿಸಾಹೇಬ್ರ, ನಿಮ್ಮದು ಮೊಬೈಲ್‌ನ್ಯಾಗ ಬಂದೈತಂತ. ಒಂದ ಮಿಸ್ತ್ರಿ ಅಂತ ಬರದಾರ. ಧಾರವಾಡದಾಂವ ಎಲ್ಲೆ ಹ್ವಾದ?"

ಸಿದ್ದಪ್ಪಗ ನಗು ಬಂತು, ನುಂಗಿಕೊಂಡ. "ಬಾಯಿಸಾಹೇಬ್ರ, ಆ ಧಾರವಾಡದಾಂವ ಕೈ ಹಚ್ಚಿದ್ದು ಒಂದ ತಾಸು. ಅದನ್ನೇನ ಹಿಡಕೊಂಡ ಕುಂದರತಾರ ಮಂದಿ. ಈಗ ನಾ ನಿಮ್ಮನ್ನ ಕೊಡಾಕ ಹೊಂಟೇನಿ. ಕೊಡಬ್ಯಾಡಂತ ಯಾರರೆ ಹೇಳೂದಿದ್ರ ಹೇಳಬಹುದು."

ಬಾಗಿಲಾ ತಗದು ಇಟ್ಟಂಗ ಆತು. ಒಳಗ ಬಂದ್ರ ಆಗೂದು. ಮಕಬೂಲಸಾಬ ಅರಿವಿ ಝಾಡಿಸಿ ಹೆಗಲ ಮ್ಯಾಲ ಹಾಕ್ಕೊಂಡ. ಆಮ್ಯಾಲ ಗಾಡಿಗೆ ಹೇಳಿದ, "ನಿಮ್ಮ ಯಜಮಾನ್ರು ಕೊಡ್ತೇನಿ ಅಂದ ಮ್ಯಾಲ ನಡಕ ಬರಾಕ ನಾ ಯಾರ್ರಿ? ಮಿಸ್ತ್ರಿ ಮನಿಷ್ಯಾ. ಮಾರೂ ಗಾಡಿ ಅಂದ್ರ ತಯಾರ ಮಾಡೂದು ನನ್ನ ಕೆಲಸ, ಮಾಡ್ತೇನಿ."

ಸಿದ್ದಪ್ಪನ ಲೆಕ್ಕಾ ಅಲ್ಲೇ ಮೊದಲ ಸಲ ತಪ್ಪಿತು. ಮಕಬೂಲಸಾಬ ಅವತ್ತ ಜುಮ್ಮಾಕ್ಕ ಹೋಗಿ ಬಂದು ಮತ್ತ ಗಾಡಿ ಕೆಳಗ ಮಲಗಿದ.

ಗಾಡಿ ಕೊಳ್ಳಾಕ ಮೊದಲ ಬಂದಾಂವ ಹೊಸೂರ ಕಡೆ ಹೋಟೆಲ್ ಕಟ್ಟಸಾಕತ್ತಿದ್ದ ಬಸವಪ್ರಭು ಅನ್ನೂ ಹುಡುಗ. ಕಣ್ಣಿಗೆ ಕರೇ ಚಷ್ಮಾ, ಕೈಯಾಗ ಎರಡ ಫೋನು. ಗಾಡಿ ಸುತ್ತಲೂ ಒಂದ ಸುತ್ತ ಹಾಕಿ, "ಇಂಜಿನ್ ತಗದ ಹಾಕಿದ್ರೂ ನಡೀತೈತ್ರಿ. ಹೋಟೆಲ್ ಮುಂದ ನಿಂದ್ರಸಿ, ಬಾನೆಟ್ಟಿನ್ಯಾಗ ಹೂವಿನ ಗಿಡಾ ಹಚ್ಚೂ ಐಡಿಯಾ ಐತಿ. ಮಂದಿ ಫೋಟೋ ಹೊಡಕೋತಾರ" ಅಂದ.

ಮಕಬೂಲಸಾಬ ಪಾನಾ ಕೈಯಾಗ ಹಿಡಕೊಂಡನ ಗಾಡಿ ಕೆಳಗಿಂದ ಹೊರಗ ಬಂದ. ಸಿದ್ದಪ್ಪ ಬಡಿಗಿ ಊರಕೊಂಡು ಎದ್ದ. ಒಬ್ಬ, "ಬಾಯಿಸಾಹೇಬ್ರ, ನಿಮ್ಮ ಹೊಟ್ಟಿ ಬಗದು ಹೂವಿನ ಕುಂಡಾ ಇಡ್ತಾರಂತ" ಅಂದ. ಇನ್ನೊಬ್ಬ, "ಬಾಯಿಸಾಹೇಬ್ರ, ಈ ತಮ್ಮಗ ಗೇಟ್ ಎಲ್ಲೈತಿ ಅನ್ನೂದು ತೋರಸ್ರಿ" ಅಂದ. ಬಸವಪ್ರಭು ಇಬ್ಬರ ಮೋತಿ ನೋಡಿದ, ಗಾಡಿ ನೋಡಿದ, ಚಹಾ ಬರೂದರೊಳಗ ಹ್ವಾದ. ಅಂವ ಹ್ವಾದ ಮ್ಯಾಲ ಇಬ್ಬರೂ ಒಮ್ಮೆಲೆ ನಕ್ಕರು. ನಕ್ಕದ್ದು ಗೊತ್ತಾಗಿ ಇಬ್ಬರೂ ಬ್ಯಾರೆ ಬ್ಯಾರೆ ಕಡೆ ಮೋತಿ ತಿರಗಿಸಿದ್ರು. ಆ ರಾತ್ರಿ ಸಿದ್ದಪ್ಪಗ ಛಲೋ ನಿದ್ದಿ ಬಂತು, ಇನ್ನೇನ ಒಂದ-ಎರಡ ವಾರದಾಗ ಮಾತ ಬರ್ತಾವಂತ ಧೈರ್ಯ ಬಂದಿತ್ತು.

ಎರಡನೇದಾಗಿ ಬಂದಾಕಿ ಬೆಳಗಾವಿಯ ಮೃಣಾಲಿನಿ. ಕಣ್ಣಿನ ಡಾಕ್ಟರ್, ಐವತ್ತರ ಆಜೂಬಾಜು, ಹಳೇ ಗಾಡಿ ಅಂದ್ರ ಜೀವಾ ಬಿಡಾಕಿ. ಬಂದಾಕಿನ ಮೊದಲ ಚಪ್ಪಲ್ ಕಳದು ಒಳಗ ಬಂದು, ಗಾಡಿ ಮುಟ್ಟೂದಕ್ಕಿಂತ ಮೊದಲ, "ಮುಟ್ಟಬಹುದೇನ್ರಿ?" ಅಂತ ಕೇಳಿದ್ಲು. ಸಿದ್ದಪ್ಪ ಕತ್ತರಿಸೂ ಅಡಕಿ ಕೆಳಗಿಟ್ಟ. ಹೋಟೆಲ್‌ದವರನ್ನ ಓಡಸಬಹುದು, ಇಂಥಾ ಹೆಣಮಗಳಿಗೆ ಏನಂತ ಇಲ್ಲ ಅನ್ನೂದು?

ಅದಕ್ಕ ಅಂವ ಬ್ಯಾರೆ ದಾರಿ ಹಿಡದ. ಗಾಡಿ ಮ್ಯಾಲ ಚಾಡಿ ಹೇಳಾಕ ಸುರು ಮಾಡಿದ.

"ನೋಡಾಕ ಛಲೋ ಐತ್ರಿ ಡಾಕ್ಟರ್ರ, ಖರೇ. ಆದ್ರ ಏರ ಬಂತಂದ್ರ ದಮ್ಮ ಕಟ್ತೈತಿ. ಎಣ್ಣಿ ಅಂತೂ ಕುಡದಷ್ಟೂ ಕಡಿಮಿ. ಬ್ರೇಕ್ ಹಿಡಿಯೂದು ಬಿಡೂದು ಅದರ ಮರ್ಜಿ. ನಾ ಸುಳ್ಳ ಹೇಳಿ ನಿಮಗ ಕೊಡಬಾರದು, ಹೌದಲ್ಲ?"

ಇಲ್ಲೇ ನೋಡ್ರಿ ಅಂವ ಎಡವಿದ್ದು. ಗಾಡ್ಯಾಗ ಹುಳುಕ ತಗದ್ರ ಅದು ಯಾರಿಗೆ ಹೋಗಿ ತಟ್ಟತೈತಿ ಅನ್ನೂದು ಅವನ ತಲಿಗೆ ಹೊಳೀಲಿಲ್ಲ. ಶೆಡ್ಡಿನ ಮೂಲ್ಯಾಗ ನಿಂತ ಮಕಬೂಲಸಾಬನ ಮೋತಿ ಮೊದಲ ಕೆಂಪಾತು, ಆಮ್ಯಾಲ ಸಣ್ಣದಾತು. ಅವನ ಅಪ್ಪಂದೂ ಅವಂದೂ ಎರಡ ಜೀವಮಾನದ ದುಡಿಮಿ ಹೊರಗಿನವರ ಮುಂದ ಮಣ್ಣಪಾಲಾಗಾಕತ್ತಿತ್ತು. ಕೈ ಒರಸಿಕೊಂಡು ಮುಂದ ಬಂದ.

"ಕೇಳಿದ್ರ್ಯಾ ಬಾಯಿಸಾಹೇಬ್ರ, ನಿಮಗ ದಮ್ಮ ಇಲ್ಲಂತ. ಬರ್ರಿ, ಡಾಕ್ಟರ್ ಅಮ್ಮಾರಿಗೆ ತೋರಸೂಣು."

ಮೃಣಾಲಿನಿನ್ನ ಬಾಜೂಕ ಕುಂದ್ರಿಸಿಕೊಂಡು ಕಾಲಿಲೆ ಒತ್ತಿದ. ಬಾಯಿಸಾಹೇಬ್ರು ಅವತ್ತರೆ ಒಂದೀಟ ಹಟಾ ಮಾಡಬಾರದೇನು? ಒಂದ ಒತ್ತಿಗೆ ಚಾಲೂ. ಕಟ್ಟಿ ಮ್ಯಾಲ ನಿಂತ ಸಿದ್ದಪ್ಪ ಮನಸಿನ್ಯಾಗ ಎಷ್ಟ ಬೇಡಿಕೊಂಡರೂ ಗಾಡಿ ಕೆಮ್ಮಲಿಲ್ಲ, ಹೊಗಿ ಬಿಡಲಿಲ್ಲ, ಗೇಟ್ ದಾಟಿ ಹೋತು. ನವಲೂರ ಏರನ್ನ ಟಾಪ್ ಗೇರಿನ್ಯಾಗ ಹತ್ತಿ, ಅಲ್ಲೇ ನಡಬರಕ ಬ್ರೇಕ್ ಹಾಕಿ ನಿಂದ್ರಸಿ, ಮತ್ತ ಹತ್ತಿಸಿ ತೋರಸಿದನಂತ. ತಿರಗಿ ಬಂದಾಗ ಮೃಣಾಲಿನಿಯ ಕಣ್ಣಾಗ ನೀರಿತ್ತು.

"ನನ್ನ ಅಜ್ಜಾರ ಹಂತ್ಯಾಕ ಇಂಥಾದ ಒಂದ ಗಾಡಿ ಇತ್ರಿ. ಇದರ ಸಪ್ಪಳಾ ಕೇಳಿ ಅವರ ನೆನಪಾದ್ರು. ನಂಗ ಇದು ಬೇಕ್ರಿ. ನೀವ ಹೇಳಿದ ರೇಟಿಗೇ ತಗೋತೇನಿ."

ಸಿದ್ದಪ್ಪ ಮಕಬೂಲಸಾಬನ ಕಡೆ ನೋಡಿದ. ಬ್ಯಾಡ ಅನ್ನೋ ಮಾರಾಯಾ, ಒಂದ ಮಾತ ಅನ್ನು, ಈಗರೆ ಅನ್ನು ಅಂತ ಅವನ ಜೀವಾ ಬಡಕೊಳ್ಳಾಕತ್ತಿತ್ತು. ಮಕಬೂಲಸಾಬ ತನ್ನ ಕೈಯಾಗಿನ ಅರಿವಿ ಮಡಚಿ ಘಳಿಗಿ ಹಾಕಕೋತ ನಿಂತಿದ್ದ. ಒಂದ ಘಳಿಗಿ, ಇನ್ನೊಂದ ಘಳಿಗಿ, ಅರಿವಿ ಅಂಗೈಯಷ್ಟ ಆತು.

"ತಗೋರಿ" ಅಂದ ಸಿದ್ದಪ್ಪ. ಅವನ ದನಿ ಅವನಿಗೇ ಹೊಸಾದನಸಿತು.

ಮುಂದಿನ ವಾರ ಬಾಯಿಸಾಹೇಬ್ರನ್ನ ಒಯ್ಯಾಕ ಬೆಳಗಾವಿಯಿಂದ ದೊಡ್ಡ ಲಾರಿ ಬಂತು. ದಾನವ್ವ ಸುಮ್ನ ಕಳಸಾಕಿ ಅಲ್ಲ. ಗಾಲಿಗೆ ನಿಂಬಿಹಣ್ಣ ಇಟ್ಟು, ಬಾನೆಟ್ಟಿಗೆ ಅರಿಷಿಣ ಕುಂಕುಮ ಹಚ್ಚಿ, ಹೊಸಾ ಕುಬಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲಾ, ಎಲಿ ಅಡಕಿ ಎಲ್ಲಾ ಹಿಂದಿನ ಡಿಕ್ಕಿಯೊಳಗ ಹಾಕಿ ಉಡಿ ತುಂಬಿದ್ಲು. "ಹೆಣ್ಣು ಮನಿ ಬಿಟ್ಟು ಹೋಗೂ ಮುಂದ ಬರಿ ಉಡಿಲೆ ಕಳಸಬಾರದ್ರಿ" ಅಂತ ಮೃಣಾಲಿನಿಗೆ ಹೇಳಿದ್ಲು. ಮೃಣಾಲಿನಿ ಬಾಯಿಸಾಹೇಬ್ರ ಪರವಾಗಿ ಬಗ್ಗಿ ದಾನವ್ವನ ಕಾಲ ಮುಟ್ಟಿ ನಮಸ್ಕಾರ ಮಾಡಿದ್ಲು. ಲಾರಿ ಡ್ರೈವರ್ ಸೈತ ಬೀಡಿ ಆರಿಸಿ ಕೈ ಕಟ್ಟಿಕೊಂಡು ನಿಂತ.

ಮಕಬೂಲಸಾಬ ಗಾಡಿನ್ನ ತಾನ ಲಾರಿ ಮ್ಯಾಲ ಹತ್ತಿಸಿದ. ಇಳದು ಬಂದು ಬೀಗದಕೈ ಮೃಣಾಲಿನಿ ಕೈಯಾಗ ಕೊಟ್ಟು, "ಮುಂಜಾನೆ ಥಂಡಿ ಇದ್ದಾಗ ಅವಸರ ಮಾಡಬ್ಯಾಡ್ರಿ. ಸ್ವಲ್ಪ ಮಾತಾಡಸ್ರಿ, ತಾನ ಚಾಲೂ ಆಗ್ತೈತಿ" ಅಂದ. ಲಾರಿ ಹೋತು. ಮಕಬೂಲಸಾಬ ಸ್ಕೂಟರ್ ಹತ್ತಿದ. ಸಿದ್ದಪ್ಪ ಅವನ ಬೆನ್ನ ನೋಡಕೋತ ನಿಂತ. ಏನರೆ ಹೇಳೂಣಂದ್ರ ಈಗ ಯಾರಿಗೆ ಹೇಳೂದು? ಶೆಡ್ಡಿನ್ಯಾಗ ಎಣ್ಣಿ ಕಲಿ ಒಂದ ಉಳದಿತ್ತು. ಸ್ಕೂಟರ್ ಮೂಲಿ ತಿರಗಿತು.

ಬಂದ ಶುಕ್ರವಾರ ಸಿದ್ದಪ್ಪ ಲಗೂನ ಎದ್ದು ಜಳಕಾ ಮಾಡಿ, ಇಭೂತಿ ಹಚ್ಚಿಕೊಂಡು ಕಟ್ಟಿ ಮ್ಯಾಲ ಕುಂತ. ಶೆಡ್ಡಿನ್ಯಾಗ ಸೌಮ್ಯಾನ ಬೆಳ್ಳನ ಕಾರ್ ನಿಂತಿತ್ತು. ಬೀದ್ಯಾಗ ಯಾವ ಸ್ಕೂಟರ್ ಬಂದ್ರೂ ಕುತ್ತಗಿ ಚಾಚಿ ನೋಡಾಂವ. ಹಾಲಿನಾಂವ ಬಂದ, ಪೇಪರಿನಾಂವ ಬಂದ, ಬಿಸಲ ಕಟ್ಟಿಗೆ ಬಂತು. ಮಕಬೂಲಸಾಬ ಬರಲಿಲ್ಲ. ಬರಾಕ ಏನ ಕೆಲಸ ಉಳದೈತಿ ಅವಂಗ?

"ಸೌಮ್ಯಾ, ನಿನ್ನ ಗಾಡ್ಯಾಗ ಏನರೆ ಸಪ್ಪಳಾ ಬರ್ತೈತೇನವಾ?" ಅಂತ ಸೊಸಿಗೆ ಕೇಳಿದ.

"ಇಲ್ಲರಿ ಮಾವಾರ, ಇದರಾಗ ಸಪ್ಪಳಾನ ಇಲ್ಲ."

"ಎಣ್ಣಿ ಬದಲಿ ಮಾಡೂದಿರಬೇಕಲ್ಲ?"

"ಅದೂ ಇಲ್ಲರಿ."

"ಎಂಥಾ ದರಿದ್ರ ಗಾಡಿನ ಅದು" ಅಂತ ಸಿದ್ದಪ್ಪ ಒಳಗ ಎದ್ದ ಹ್ವಾದ.

ಅಡಗಿಮನ್ಯಾಗ ದಾನವ್ವ ಶೇಂಗಾ ಚಟ್ನಿಗೆ ತಯಾರಿ ಮಾಡಿಟ್ಟು ಹಿತ್ತಲಕ್ಕ ಹೋಗಿದ್ಲು. ಒಲಿಕಟ್ಟಿ ಮ್ಯಾಲ ಮಿಕ್ಸರ್ ಇತ್ತು. ಸಿದ್ದಪ್ಪ ಅದರ ಕಡೆ ನೋಡಿದ. ಆ ಕಡೆ ಈ ಕಡೆ ನೋಡಿದ. ಆಮ್ಯಾಲ ಅಪಾಯ ಬ್ಯಾಡಂತ ಪ್ಲಗ್ ಕಿತ್ತಿಟ್ಟು, ಕಿಸೆದಾಗಿನ ಅಡಕೊತ್ತು ತಗದು, ಅಡಕಿ ಕತ್ತರಿಸಿದಷ್ಟ ಸಲೀಸಾಗಿ ವೈಯರ್ ಕತ್ತರಿಸಿಬಿಟ್ಟ. ಎಪ್ಪತ್ತು ದಾಟಿದ ಸಾವಕಾರ, ತನ್ನ ಮನ್ಯಾಗ ತಾನ ಕಳವು ಮಾಡಿದಂಗ ಮಿಕ್ಸರ್, ವೈಯರ್ ತುಂಡ ಎರಡೂ ಬಗಲಾಗ ಹಿಡಕೊಂಡು, ಕುಂಟಕೋತ ಗೇಟ್ ದಾಟಿ ಆಟೋ ಹತ್ತಿದ.

ಹಳೇ ಹುಬ್ಬಳ್ಳಿಯ ಮಕಬೂಲಸಾಬನ ಓಣಿಗೆ ಅಂವ ಕಾಲಿಡಲಾರದ ಹನ್ನೊಂದ ವರ್ಷಾಗಿತ್ತು. ಬಾಗಿಲಾ ತಗದಾಕಿ ಮಕಬೂಲಸಾಬನ ಹೆಂಡತಿ ಕರೀಮಾಬಿ. ಸಿದ್ದಪ್ಪನ್ನ ನೋಡಿದ್ಲು, ಮಿಕ್ಸರ್ ನೋಡಿದ್ಲು, ಸೆರಗ ತಲಿಮ್ಯಾಲ ಎಳಕೊಂಡು, "ಬರ್ರಿ ಅಣ್ಣಾರ, ಒಳಗ ಬರ್ರಿ. ಮುಂಜಾನಿಂದ ಕುಂತಲ್ಲೇ ಕುಂತಾರ. ನಾಷ್ಟಾನೂ ಮಾಡಿಲ್ಲ" ಅಂದ್ಲು.

ಮಕಬೂಲಸಾಬ ಪಡಸಾಲ್ಯಾಗ ಖುರ್ಚೆ ಮ್ಯಾಲ ಕುಂತಿದ್ದ. ಮೈಮ್ಯಾಲ ಗ್ಯಾರೇಜಿನ ಅಂಗಿ, ಕಾಲಾಗ ಬೂಟು, ಎಲ್ಲಿಗೋ ಹೊಂಟಾಂವ ಹೋಗೂದು ಬಿಟ್ಟಂಗ. ಸಿದ್ದಪ್ಪ ಎದುರಿನ ದಿವಾನದ ಮ್ಯಾಲ ಕುಂತು, ಮಿಕ್ಸರನ್ನ ನಡುವ ಸ್ಟೂಲಿನ ಮ್ಯಾಲ ಇಟ್ಟ. ಗಂಟಲಾ ಸರಿ ಮಾಡಿಕೊಂಡ.

"ಹೇಳವಾ ಮಿಕ್ಸರವ್ವಾ. ನಿಂಗ ಏನಾಗೇತಿ ಅಂತ ಮಿಸ್ತ್ರಿಗೋಳಿಗೆ ಹೇಳು. ಮುಂಜಾನಿಂದ ಚಾಲೂ ಆಗವಲ್ಲಿ."

ಮಕಬೂಲಸಾಬ ಮಿಕ್ಸರ್ ಎತ್ತಿ ತೊಡಿ ಮ್ಯಾಲ ಇಟ್ಟಕೊಂಡ. ತಿರಗಿಸಿ ಮರಗಿಸಿ ನೋಡಿದ. ವೈಯರಿನ ತುದಿ ಕೈಯಾಗ ಹಿಡದು ಬೆಳಕಿಗೆ ಹಿಡದ. ಸ್ವಚ್ಛ ಕತ್ತರಿಸಿದ ಗಾಯ. ಬಾಜೂಕ ಒಂದೀಟ ಅಡಕಿ ಪುಡಿ ಹತ್ತಿತ್ತು. ಆಮ್ಯಾಲ ಕಣ್ಣೆತ್ತಿ, ಮಿಕ್ಸರಿನ ಕಡೆ ಅಲ್ಲ, ಗೋಡಿ ಕಡೆ ಅಲ್ಲ, ಸೀದಾ ಸಿದ್ದಪ್ಪನ ಮೋತಿ ನೋಡಿದ.

"ಏ ಸಿದ್ದ್ಯಾ. ಇದನ್ನ ನೀನ ಕತ್ತರಿಸೀದೀಯಲ್ಲೋ?"

ಸಿದ್ದಪ್ಪ ಹೌದಂತ ಗೋಣ ಹಾಕಿದ.

"ಹೆಂಗಸರ ಮಿಕ್ಸರ್ ಕೆಡಿಸಿಕೊಂಡು ಬಂದೀದಿ. ದಾನವ್ವ ಮನಿ ಒಳಗ ಬಿಡ್ತಾಳೇನ ನಿನ್ನ?"

"ನೀ ಬರಲಿಲ್ಲಲ್ಲೋ" ಅಂದ ಸಿದ್ದಪ್ಪ. "ಮುಂಜಾನಿಂದ ಕಟ್ಟಿ ಮ್ಯಾಲ ಕುಂತಿದ್ದೆ. ಏನ್ ಹೇಳಿ ಕರೀಲಿ ನಿನ್ನ? ಗಾಡಿ ಮಾರಬ್ಯಾಡ ಅಂತೀ ಅಂತ ಕಾದೆ, ನೀ ಅನ್ನಲಿಲ್ಲ. ನಂದ ತಪ್ಪಾತು ಮಕಬೂಲ. ಆವತ್ತೂ ತಪ್ಪಾಗಿತ್ತು."

"ಮಾರೂದಿಲ್ಲ ಅಂತೀ ಅಂತ ನಾನೂ ಕಾದೆ" ಅಂದ ಮಕಬೂಲಸಾಬ. "ಇವತ್ತ ಮುಂಜಾನೆ ಅಂಗಿ ಹಾಕ್ಕೊಂಡೆ, ಸ್ಕೂಟರ್ ಹೊರಗ ತಗದೆ. ಹೋಗಿ ಏನ್ ಮಾಡ್ಲಿ ಅಂತ ತಿಳೀಲಾರದ ಮತ್ತ ಒಳಗ ಇಟ್ಟೆ."

ಒಳಗ ಕರೀಮಾಬಿ ಸ್ಟೋವ್ ಹಚ್ಚಿದ ಸಪ್ಪಳಾ ಕೇಳಿಸಿತು. ಮಕಬೂಲಸಾಬ ಎದ್ದು ಕಪಾಟದಿಂದ ಟೇಪು, ಕತ್ತರಿ ತಂದ. ವೈಯರಿನ ಎರಡೂ ತುದಿ ಬಿಚ್ಚಿ, ತಾಮ್ರದ ಎಳಿಗೋಳನ್ನ ಒಂದಕ್ಕೊಂದು ಹೊಸದು, ಟೇಪು ಸುತ್ತಿದ. ಪ್ಲಗ್ ಹಚ್ಚಿದ ಕೂಡ್ಲೇ ಮಿಕ್ಸರ್ ಗುರ್ ಅಂತ ಒಂದ ಸಲ ತಿರಗಿ ನಿಂತಿತು. ಸಿದ್ದಪ್ಪ ಅದನ್ನ ತಗೊಳ್ಳಾಕ ಕೈ ಚಾಚಿದ, ಆದ್ರ ಮಕಬೂಲಸಾಬ ಬಿಡಲಿಲ್ಲ.

"ಮುಂದಿನ ಶುಕ್ರವಾರ ಏನ್ ಮುರಕೊಂಡ ಬರಾಂವ?"

"ಅಟ್ಟದ ಮ್ಯಾಲ ಒಂದ ಟೇಬಲ್ ಫ್ಯಾನ್ ಐತಿ" ಅಂದ ಸಿದ್ದಪ್ಪ, ಮೂಗ ಒರಸಿಕೊಂತ. "ಇಸ್ತ್ರಿ ಪೆಟಗಿನೂ ಐತಿ."

"ಏನೂ ತರಬ್ಯಾಡ" ಅಂದ ಮಕಬೂಲಸಾಬ. "ಸುಮ್ನ ನೀ ಬಾ."